ಯಮನಾಕಾ: ಬರೀ ಮಣ್ಣಲ್ಲೇ ಕಟ್ಟಿದ ಕೋಟೆ

ಜಪಾನಿಗೆ ಹೋದವ್ರು ಒಸಾಕಾ, ಹಿಮೆಜಿ ಅಂತ ದೊಡ್ಡ ಕೋಟೆಗಳ್ನ ನೋಡ್ಕೊಂಡು ಬರ್ತಾರೆ, ನಾನು ಮಾತ್ರ ಒಂದಿನ ಪೂರ್ತಿ ಯಮನಾಕಾ ಕೋಟೆಗೇ ಅಂತ ಎತ್ತಿಟ್ಟಿದ್ದೆ. ಮಿಶಿಮಾ ಸ್ಟೇಷನ್ ಮುಂದೆ ಬಸ್ ಹತ್ತಿದ್ರೆ ಹಕೋನೆ ಘಾಟಿ ಏರ್ತಾ ಏರ್ತಾ ಅರ್ಧ ಗಂಟೆ. ಟಿಕೆಟ್ ಇಲ್ಲ, ಸೀದಾ ಒಳಗೆ ನಡ್ಕೊಂಡು ಹೋಗ್ಬೋದು.

ನಾನು ಚಿತ್ರದುರ್ಗದ ಕಡೆಯವ್ಳು, ಕೋಟೆ ಅಂದ್ರೆ ನಂಗೆ ಕಲ್ಲು. ಇಲ್ಲಿ ಕಲ್ಲಿನ ಗೋಡೆನೂ ಇಲ್ಲ, ಬುರುಜೂ ಇಲ್ಲ, ಎಲ್ಲಾ ಮಣ್ಣೇ. ಹೋಜೊ ಮನೆತನದವ್ರು 1560ರ ಆಸುಪಾಸಲ್ಲಿ ತಮ್ಮ ರಾಜಧಾನಿ ಒಡವಾರಾನ ಪಶ್ಚಿಮದ ಕಡೆಯಿಂದ ಕಾಯೋಕೆ ಅಂತ ಗುಡ್ಡನ ಕಡಿದು, ಕಂದಕ ತೋಡಿ, ತೆಗೆದ ಮಣ್ಣನ್ನೇ ದಿಬ್ಬ ಮಾಡಿ ನಿಲ್ಸಿದ್ದು.

ನಿಶಿನೊಮಾರು ಅನ್ನೋ ಪಶ್ಚಿಮದ ಅಂಗಳದ ಅಂಚಿಗೆ ಬಂದು ಕೆಳಗೆ ನೋಡಿದೆ ನೋಡಿ, ಕಾಲು ಅಲ್ಲೇ ನಿಂತೋಯ್ತು. ಕಂದಕದ ಒಳಗೆ ನಮ್ಮ ಗದ್ದೆ ಬದು ಥರ ಮಣ್ಣಿನ ಬದುಗಳು, ಅಡ್ಡಕ್ಕೂ ಉದ್ದಕ್ಕೂ, ಮಧ್ಯೆ ಮಧ್ಯೆ ಚೌಕ ಚೌಕ ಗುಂಡಿ. ಇದಕ್ಕೆ ಶೋಜಿ ಕಂದಕ ಅಂತಾರೆ, ಜಪಾನಿ ಮನೆಗಳಲ್ಲಿ ಮರದ ಚೌಕಟ್ಟಿಗೆ ಕಾಗದ ಅಂಟಿಸಿರೋ ಬಾಗಿಲು ಇರುತ್ತಲ್ಲ, ಅದೇ ಶೋಜಿ. ಈಗ ಮೂಲ ಮಣ್ಣು ಹಾಳಾಗ್ಬಾರ್ದು ಅಂತ ಮೇಲೆ ಹುಲ್ಲು ಬೆಳೆಸಿದ್ದಾರೆ, ಆವಾಗ ಬರೀ ಜೇಡಿಮಣ್ಣು, ಒದ್ದೆ ಆದ್ರೆ ಸೋಪಿನ ಹಾಗೆ ಜಾರುತ್ತೆ. ಒಂದು ಗುಂಡಿಗೆ ಇಳಿದವ್ನು ಪಕ್ಕಕ್ಕೆ ಓಡೋ ಹಾಗಿಲ್ಲ, ಹತ್ತೋಣ ಅಂದ್ರೆ ಕೈಗೆ ಹಿಡಿತ ಸಿಗಲ್ಲ, ಬದು ಮೇಲೇ ನಡೆದು ಬರೋಣ ಅಂದ್ರೆ ಒಬ್ಬೊಬ್ರೇ ಸಾಲಾಗಿ ಬರ್ಬೇಕು, ಮೇಲಿಂದ ಗುರಿಯಿಟ್ಟು ಹೊಡೆಯೋವ್ರಿಗೆ ಅಷ್ಟೇ ಸಾಕು. ಗುದ್ದಲಿ ಬಿಟ್ಟು ಬೇರೇನೂ ಬೇಡದ ಇಂಥ ಬುದ್ಧಿವಂತಿಕೆ ನಾನು ಇನ್ನೆಲ್ಲೂ ನೋಡಿಲ್ಲ. ತಲೆ ಎತ್ತಿದ್ರೆ ಎದುರಿಗೇ ಫ್ಯೂಜಿ ಬೆಟ್ಟ, ಆದ್ರೆ ನನ್ನ ಕಣ್ಣು ಮತ್ತೆ ಮತ್ತೆ ಗುಂಡಿಗಳ ಕಡೆಗೇ ಹೋಗ್ತಿತ್ತು.

ಇಷ್ಟೆಲ್ಲಾ ಮಾಡಿದ ಕೋಟೆ 1590ರಲ್ಲಿ ಅರ್ಧ ದಿನದಲ್ಲಿ ಬಿತ್ತು. ಆಗ ಇಡೀ ಜಪಾನ್‌ನ ತನ್ನ ಕೈಕೆಳಗೆ ತರ್ತಿದ್ದ ತೊಯೊತೊಮಿ ಹಿದೆಯೋಶಿ ಕಳ್ಸಿದ ಸೈನ್ಯ ಸುಮಾರು 70,000, ಒಳಗಿದ್ದವ್ರು ಸುಮಾರು 4,000 ಅಂತಾರೆ. ದಾಳಿ ಬರುತ್ತೆ ಅಂತ ಗೊತ್ತಾಗಿ ರಸ್ತೆ ಕಡೆಗೆ ಹೊಸದಾಗಿ ಕಟ್ತಿದ್ದ ಭಾಗ ಮುಗಿದೇ ಇರ್ಲಿಲ್ಲ. ಆ ಭಾಗನೂ ನೋಡ್ದೆ, ಉದ್ದಕ್ಕೆ ಹೋಗೋ ಕಂದಕದ ಪಕ್ಕ ನಡೀತಾ, ಇಲ್ಲಿ ಕೊನೇ ದಿನದವರೆಗೂ ಮಣ್ಣು ಹೊತ್ತವ್ರ ನೆನಪಾಗಿ ಹೊಟ್ಟೆ ಕಿವುಚಿದ ಹಾಗಾಯ್ತು. ಒಡವಾರಾ ಮೂರು ತಿಂಗಳು ತಡ್ಕೊಂಡು ಆಮೇಲೆ ಶರಣಾಯ್ತು.

ಕೋಟೆಯ ಮೂರನೇ ಅಂಗಳದಲ್ಲಿ ಈಗ ಸೋಕಾನ್‌ಜಿ ಅನ್ನೋ ಸಣ್ಣ ದೇವಸ್ಥಾನ. ಅಲ್ಲಿ ಕೋಟೆ ಕಾದು ಸತ್ತ ಮತ್ಸುದಾ ಯಸುನಾಗಾ ಸಮಾಧಿ ಇದೆ, ಅದೇ ದಿನ ದಾಳಿ ಮಾಡೋಕೆ ಬಂದು ಸತ್ತ ಹಿತೊತ್ಸುಯನಾಗಿ ನಾವೊಸುಯೆ ಸಮಾಧಿನೂ ಅದೇ ಆವರಣದಲ್ಲೇ ಇದೆ. ಎರಡಕ್ಕೂ ಕೈ ಮುಗಿದೆ. ಅಲ್ಲೇ ನಿಂತು ನಿಂತು ಬಸ್ ತಪ್ಪೋಯ್ತು, ಪಕ್ಕದಲ್ಲೇ ಇರೋ ಹಳೇ ಟೊಕಾಯ್ಡೊ ದಾರಿಯ ಕಲ್ಲುಹಾಸಿನ ಮೇಲೆ ಮುಂದಿನ ಸ್ಟಾಪ್ ತನಕ ಇಳ್ಕೊಂಡು ಹೋದೆ.