1966ರ 33 ಶನಿವಾರಗಳು

ಸಿಕ್ತು. ಹಳೇ ವಾರಪತ್ರಿಕೆಯೊಂದರ ಕಾಣದ 33 ಸಂಚಿಕೆಗಳ ಗುಟ್ಟು, ಮೂರು ವಾರ ತಲೆ ತಿಂದದ್ದು, ನಿನ್ನೆ ರಾತ್ರಿ ಹನ್ನೊಂದೂವರೆಗೆ ಸಿಕ್ತು, ಅದೂ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ.

ಕೋಹಾ (ಗ್ರಂಥಾಲಯದ ಸಾಫ್ಟ್‌ವೇರ್) ಹಾಕಿದ್ದು, ಬಾರ್‌ಕೋಡ್ ಅಂಟಿಸಿದ್ದು, ಬೆಳ್ಳಿಹುಳ ಓಡಿಸಿದ್ದು ಯಾವುದನ್ನೂ ಇಲ್ಲಿ ಬರೆಯಲ್ಲ. ಆ ಪಾಡು ನೀವೂ ಪಟ್ಟಿದ್ದೀರಿ. ಹೊಸಬರಿಗೆ ಎರಡೇ ಮಾತು: ಪಕ್ಕದ ತಾಲ್ಲೂಕಿನ ಕಾಲೇಜೊಂದು ಪ್ರಿಂಟ್ ಜರ್ನಲ್‌ಗಳ ಚಂದಾ ನಿಲ್ಲಿಸಿ ಪೂರ್ತಿ ಇ-ಜರ್ನಲ್‌ಗೆ ಹೋಯ್ತು. ಬೈಂಡ್ ಮಾಡಿಸಿಟ್ಟ ಹಳೇ ಸಂಪುಟಗಳನ್ನು ತೂಕಕ್ಕೆ ಹಾಕಿದರು. ಗುಜರಿಯವನು ನನ್ನ ಹುಚ್ಚು ಬಲ್ಲವನಾದ್ದರಿಂದ ಫೋನ್ ಮಾಡಿದ. ಆಲೂಗೆಡ್ಡೆ ಚೀಲಗಳಲ್ಲಿ ತುಂಬಿ, ಗೂಡ್ಸ್ ಆಟೋದಲ್ಲಿ ಸಾಲಗಾಮೆ ರಸ್ತೆಯ ನಮ್ಮ ಪುಟ್ಟ ವಾಚನಾಲಯಕ್ಕೆ ತಂದೆವು. ಹಾಸನದಲ್ಲಿ ಚೀಲಕ್ಕೇನು ಬರ? ಮೊದಲ ಚೀಲದಲ್ಲಿ ಜರ್ನಲ್‌ಗಳ ಜೊತೆ ಮೊಳಕೆ ಬಂದ ಎರಡು ಗೆಡ್ಡೆಯೂ ಇದ್ದವು. ಅವನ್ನು ಅಕ್ಸೆಶನ್ ರಿಜಿಸ್ಟರಿಗೆ (ಬಂದ ಪುಸ್ತಕಗಳ ದಾಖಲೆ ಪುಸ್ತಕ) ಏರಿಸಿಲ್ಲ.

ಕಾಲೇಜಿನವರನ್ನು ಬೈದೂ ಪ್ರಯೋಜನವಿಲ್ಲ. ಕೇಂದ್ರದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಗೆ 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಜರ್ನಲ್. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ ಹಬ್ಬದೂಟ. ನಮ್ಮಂಥ ವಾಚನಾಲಯಕ್ಕೆ ಆ ಪಂಕ್ತಿಯಲ್ಲಿ ಎಲೆ ಹಾಕಿಲ್ಲ.

ಹಾಗಾಗಿ ಚಂದಾ ಏಜೆಂಟರ ಹತ್ತಿರ ಹಲ್ಲುಗಿಂಜಿ ಒಂದು ಇ-ಜರ್ನಲ್ ಪ್ಯಾಕೇಜಿಗೆ 30 ದಿನದ ಟ್ರಯಲ್ ಪಡೆದೆ. ಚಂದಾ ನಿಂತರೆ ಹಳೇ ಸಂಚಿಕೆ ಓದೋಕೆ ಬಿಡ್ತೀರಾ ಅಂದದ್ದಕ್ಕೆ 'ಪಾಲಿಸಿ ಪ್ರಕಾರ ಸರ್' ಅಂದರು. ನಮ್ಮ ಹಾಸನಾಂಬೆ ಬಾಗಿಲು ತೆರೆಯೋದೂ ವರ್ಷಕ್ಕೆ ಕೆಲವೇ ದಿನ. ಆದರೆ ಒಳಗೆ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತೆ ಅನ್ನೋ ನಂಬಿಕೆ ಇದೆ. ಇವರ ದೀಪ ಬಾಗಿಲು ಹಾಕಿದ ಕೂಡಲೇ ಆರುತ್ತೆ.

ಈಗ ಕೆಲಸಕ್ಕೆ ಬರೋಣ. ಕಪಾಟಿನ ಪ್ರಿಂಟ್ ಸಂಪುಟ ಮತ್ತು ಟ್ರಯಲ್‌ನ ಇ-ಪ್ರತಿ ಒಂದೇ ಪಟ್ಟಿಯಲ್ಲಿ ಬರಬೇಕು, ಯಾವ ವರ್ಷ ಎಲ್ಲಿದೆ ಅಂತ ಒಂದೇ ನೋಟಕ್ಕೆ ಕಾಣಬೇಕು. ಐಎಸ್‌ಎಸ್‌ಎನ್ (ಪ್ರತಿ ಪತ್ರಿಕೆಗೂ ಕೊಡುವ ಎಂಟಂಕಿಯ ಗುರುತಿನ ನಂಬರು) ಹಿಡಿದು ಜೋಡಿಸಿದರೆ ಮುಗೀತು ಅಂದುಕೊಂಡಿದ್ದೆ. ಏಜೆಂಟರ ಪಟ್ಟಿ ತೆಗೆದರೆ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಮುಂದೆ 129976 ಅಂತಿದೆ. ಎಂಟಂಕಿ ಎಲ್ಲಿ ಸ್ವಾಮಿ? ಅಡ್ಡಗೆರೆ ಇಲ್ಲದೆ ಟೈಪಿಸಿದ್ದಾರೆ, ಎಕ್ಸೆಲ್ ಮುಂದಿನ ಎರಡು ಸೊನ್ನೆ ನುಂಗಿದೆ. ಎಡದಿಂದ ಸೊನ್ನೆ ತುಂಬಿ ಎಂಟಕ್ಕೆ ಏರಿಸಿದರೆ ಸಾಕು. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ವಾ, ನಂಬರು ಸರಿಯೇ ಅಂತ ತಾಳೆ ನೋಡುವ ಕೊನೆಯ ಅಂಕಿ ಅಲ್ಲಾಡಲ್ಲ: 0012-9976ರ ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8ರಿಂದ 2ರವರೆಗಿನ ಅಂಕಿಗಳಿಂದ ಗುಣಿಸಿ ಕೂಡಿದರೆ 93, ಹನ್ನೊಂದರಿಂದ ಭಾಗಿಸಿದರೆ ಶೇಷ 5, ಹನ್ನೊಂದರಲ್ಲಿ ಐದು ಹೋದರೆ 6. ಸರಿ. ಇ-ಪ್ರತಿಯ ನಂಬರು ಬೇರೆ, 2349-8846, ಅದನ್ನು ಕ್ಯಾಟಲಾಗ್ ರೆಕಾರ್ಡಿನ 776ರಲ್ಲಿ (ಅದೇ ಪತ್ರಿಕೆಯ ಬೇರೆ ರೂಪ ತೋರಿಸುವ ಜಾಗ) ಕೂರಿಸಿದೆ. ಇದಕ್ಕೆ ಒಂದು ಸಂಜೆ ಹೋಯ್ತು, ಅಷ್ಟೇ.

ಮೂರು ವಾರ ತಿಂದದ್ದು ಇದರ ಮುಂದಿನದು.

ಏಜೆಂಟರ ಪಟ್ಟಿಯಲ್ಲಿ ಈ ಪತ್ರಿಕೆಗೆ ಒಂದೇ ಸಾಲು: '1949ರಿಂದ ಇಂದಿನವರೆಗೆ'. ನಮ್ಮ ಸಂಪುಟಗಳು 1951ರಿಂದ ಶುರು, ಬೆನ್ನಿನ ಮೇಲೆಲ್ಲ ಚಿನ್ನದ ಅಕ್ಷರದಲ್ಲಿ ಇ.ಪಿ.ಡಬ್ಲ್ಯು. ನಾನೂ ಒಂದೇ ರೆಕಾರ್ಡ್ ಮಾಡಿ, ಶನಿವಾರಕ್ಕೊಂದು ಸಾಲಿನಂತೆ ಬರಬೇಕಾದ ಸಂಚಿಕೆಗಳ ಪಟ್ಟಿ ಎಳೆದು, ಮಗಳಿಂದ ಇದ್ದ ಸಂಚಿಕೆಗಳಿಗೆ ಟಿಕ್ ಹಾಕಿಸಿದೆ. ಅಲ್ಲಿ ಇಲ್ಲಿ ಒಂದೆರಡು ಕೆಂಪು ಸಾಲು ಬಂತು, ಸಹಜ. ಆದರೆ 1966ರ ಜನವರಿ 1ರಿಂದ ಆಗಸ್ಟ್ 13ರವರೆಗೆ ಒಂದೂ ಬಿಡದೆ ಕೆಂಪು. ಎಣಿಸಿದೆ, 33.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಹತ್ತು ಪೈಸೆ ವ್ಯತ್ಯಾಸಕ್ಕೂ ರಾತ್ರಿ ಹತ್ತರವರೆಗೆ ಕೂತವನು ನಾನು. 33 ಸಂಚಿಕೆ ಲೆಕ್ಕ ಹೊಂದದೆ ಸಸ್ಪೆನ್ಸ್ ಖಾತೆಯಲ್ಲಿ ಬಿದ್ದಿದ್ದರೆ ನಿದ್ದೆ ಬರುತ್ತಾ? ಗುಜರಿ ಅಂಗಡಿಗೆ ಹೋಗಿ ಉಳಿದ ರದ್ದಿಯನ್ನೆಲ್ಲ ತಿರುವಿದೆ. ಅವನಿಗೆ ಟೀ ಕುಡಿಸಿದೆ, ಆಮೇಲೆ ಬೈದೆ. ಕಾಲೇಜಿನ ಅಟೆಂಡರ್‌ಗೆ ನಾಲ್ಕು ಸಲ ಫೋನ್. 'ಎಲ್ಲಾ ಕೊಟ್ಟಿದೀವಿ ಸಾರ್, ಬೇಕಾದ್ರೆ ಗೋಡೆ ಕೆತ್ತಿ ನೋಡಿ' ಅಂದ. ಟ್ರಯಲ್‌ನಲ್ಲಿ ಹುಡುಕಿದರೆ ಅಲ್ಲೂ ಆ ಎಂಟು ತಿಂಗಳು ಖಾಲಿ. ಸ್ಕ್ಯಾನ್ ಮಾಡಿದವರೂ ಕಳೆದಿದ್ದಾರೆ ಅಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಏಜೆಂಟರಿಗೆ ಮೇಲ್ ಹಾಕಿದೆ. ಉತ್ತರ ಮರುದಿನವೇ ಬಂತು, ಚಂದಾ ಕ್ಲೇಮ್‌ಗೆ ಎಂದೂ ಬಾರದ ವೇಗದಲ್ಲಿ: 1966ರ 33 ಸಂಚಿಕೆಗಳನ್ನೂ ನಕಲು ತರಿಸಿ ಕೊಡುತ್ತಾರಂತೆ, ಆರು ವಾರ ಬೇಕಂತೆ, ಅರ್ಧ ದುಡ್ಡು ಮುಂಗಡವಂತೆ. ಕೊಟೇಶನ್‌ನಲ್ಲಿ ಸಂಚಿಕೆವಾರು ಬೆಲೆ ಬೇರೆ. ಚೆಕ್ ಬರೆಯೋಕೆ ಕೂತಿದ್ದೆ ಅಂದರೆ ನಗಬೇಡಿ.

ಉಳಿಸಿದ್ದು ಕರೆಂಟು. ಹೇಳಿದೆನಲ್ಲ, ನಿನ್ನೆ ರಾತ್ರಿ ಸ್ಕ್ರೀನ್ ಕಪ್ಪಾಯ್ತು. ಸುಮ್ಮನೆ ಕೂರಲಾಗದೆ ಟಾರ್ಚ್ ಹಿಡಿದು '1965–66' ಅಂತ ಬರೆದ ದಪ್ಪ ಸಂಪುಟ ಎಳೆದೆ. ಇಷ್ಟು ದಿನ ಬೆನ್ನು ಓದಿದ್ದು ಬಿಟ್ಟರೆ ಒಳಗೆ ನಾನು ಕಣ್ಣು ಹಾಕಿರಲಿಲ್ಲ. ಅರ್ಧ ದಾಟಿದ ಮೇಲೆ ಮುಖಪುಟದ ಹೆಸರೇ ಬದಲು. ಅದುವರೆಗೆ ದಿ ಎಕನಾಮಿಕ್ ವೀಕ್ಲಿ, ಅಲ್ಲಿಂದಾಚೆ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ. ಸಂಪುಟ 1, ಸಂಚಿಕೆ 1, ಆಗಸ್ಟ್ 20, 1966.

ಸಚಿನ್ ಚೌಧುರಿ 1949ರಲ್ಲಿ ಶುರು ಮಾಡಿದ ಪತ್ರಿಕೆ 1965ರ ಕೊನೆಗೆ ನಿಂತುಹೋಗಿತ್ತು. ಎಂಟು ತಿಂಗಳ ಮೇಲೆ ಅವರೇ ಹೊಸ ಹೆಸರಲ್ಲಿ ಹೊಸ ಪತ್ರಿಕೆ ತಂದರು. ಆ 33 ಶನಿವಾರ ಯಾವ ಪ್ರೆಸ್ಸೂ ಏನೂ ಅಚ್ಚು ಹಾಕಿರಲಿಲ್ಲ. ಬೈಂಡರ್ ಮಹಾಶಯ ಎರಡನ್ನೂ ಸೇರಿಸಿ ಹೊಲಿದು ಒಂದೇ ಹೆಸರು ಹೊಡೆದ, ಪಟ್ಟಿ ಮಾಡಿದವನು ಒಂದೇ ಸಾಲು ಎಳೆದ, ನಾನು ಇಬ್ಬರನ್ನೂ ನಂಬಿದೆ.

ಇನ್ನೊಂದು ಗಂಟೂ ಆಗಲೇ ಬಿಚ್ಚಿತು. ಮೊನ್ನೆ ಉಪನ್ಯಾಸಕಿಯೊಬ್ಬರು ಮೈಸೂರು ಸೀಮೆಯ ಹಳ್ಳಿಯ ಬಗ್ಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1951ರಲ್ಲಿ ಎಕನಾಮಿಕ್ ವೀಕ್ಲಿಗೆ ಬರೆದ ಲೇಖನ ಕೇಳಿ ಬಂದಿದ್ದರು. ಕ್ಯಾಟಲಾಗ್ 'ಇಲ್ಲ' ಅಂತು. ಅವರು ಪಾಪ ಬಸ್ ಹತ್ತಿ ಹೋದರು. ಸಂಪುಟ ಅವರು ಕೂತಿದ್ದ ಕುರ್ಚಿಯ ಹಿಂದೇ ಇತ್ತು, ತಪ್ಪು ಹೆಸರಲ್ಲಿ.

ಇವತ್ತು ಬೆಳಗ್ಗೆ ಎರಡು ರೆಕಾರ್ಡ್ ಮಾಡಿದೆ. ಹಳೆಯದಕ್ಕೆ 785 (ಮುಂದಿನ ಹೆಸರಿನ ಜಾಗ), ಹೊಸದಕ್ಕೆ 780 (ಹಿಂದಿನ ಹೆಸರಿನ ಜಾಗ), ಒಂದಕ್ಕೊಂದು ಕೈ ಹಿಡಿಸಿದೆ. ಕೆಂಪು ಸಾಲು 33 ಒಟ್ಟಿಗೇ ಹೋದವು. ಉಳಿದವುಗಳಲ್ಲೂ ಹೆಚ್ಚಿನವು ಜಂಟಿ ಸಂಚಿಕೆಗಳ ಚೇಷ್ಟೆ: 1971ರ ಜುಲೈ ವಿಶೇಷ ಸಂಚಿಕೆಗೆ 30-31-32 ಅಂತ ಮೂರು ನಂಬರು, ಪುಸ್ತಕ ಒಂದೇ. ಅದನ್ನೆಲ್ಲ ತಿದ್ದಿದ ಮೇಲೆ ನಿಜವಾಗಿ ಇಲ್ಲದ್ದು ಐದೇ ಐದು.

ಜಂಟಿ ಸಂಚಿಕೆ ಅಂದಾಗ ನೆನಪಾಯ್ತು. ಮುಂದಿನ ಕೆಲಸ ಅಟ್ಟದ ಮೇಲಿರುವ ಕನ್ನಡ ಸಾಹಿತ್ಯ ಪತ್ರಿಕೆಗಳು. ಐಎಸ್‌ಎಸ್‌ಎನ್ ಬಂದದ್ದೇ 1970ರ ದಶಕದಲ್ಲಿ, ಅದಕ್ಕಿಂತ ಮುಂಚೆ ಕಣ್ಮುಚ್ಚಿದ ಸಣ್ಣಪುಟ್ಟ ಪತ್ರಿಕೆಗಳಿಗೆ ಯಾವ ನಂಬರು ಹಿಡಿದು ಹುಡುಕಲಿ? ಕೆಲವು ಯುಗಾದಿಗೆ ಸಂಪುಟ ಬದಲಿಸುತ್ತವೆ, ದೀಪಾವಳಿ ವಿಶೇಷಾಂಕಕ್ಕೆ ಸಂಚಿಕೆ ಸಂಖ್ಯೆಯೇ ಇಲ್ಲ, ಒಂದರ ಮೇಲಂತೂ ಇಸವಿ ಇಲ್ಲದೆ ಬರೀ ಸಂವತ್ಸರದ ಹೆಸರು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ, ಕೋಹಾಗೆ ಪಂಚಾಂಗ ಗೊತ್ತಿಲ್ಲ. ಯಾರಾದರೂ ಸಂಚಿಕೆಗಳಿಗೆ ಸಂಖ್ಯೆ ಕೊಡುವ ಕೋಹಾದ ನಂಬರಿಂಗ್ ಪ್ಯಾಟರ್ನ್‌ನಲ್ಲಿ ಸಂವತ್ಸರ ಕೂರಿಸಿದ್ದರೆ ದಯವಿಟ್ಟು ತಿಳಿಸಿ. ಈ ಸಲ ಮೊದಲು ಪುಟ ತಿರುವಿ, ಆಮೇಲೇ ಎಕ್ಸೆಲ್ ತೆಗೆಯೋದು ಅಂತ ಮಗಳು ಗೋಡೆಗೆ ಚೀಟಿ ಅಂಟಿಸಿದ್ದಾಳೆ.

ಏಜೆಂಟರು ಮಧ್ಯಾಹ್ನ ಮತ್ತೆ ಮೇಲ್ ಮಾಡಿದ್ದರು, ಈ ವಾರವೇ ಆರ್ಡರ್ ಕೊಟ್ಟರೆ ಶೇಕಡಾ ಹತ್ತು ಬಿಡುತ್ತಾರಂತೆ. ಮುಂಗಡ ಆಗಲ್ಲ, 33 ಸಂಚಿಕೆಯನ್ನೂ ಮೊದಲು ಕಳಿಸಿ, ನೋಡಿದ ದಿನವೇ ಪೂರ್ತಿ ದುಡ್ಡು ಕೊಡುತ್ತೇನೆ ಅಂತ ಬರೆದಿದ್ದೇನೆ.