ಮುಲಂಜೆ ಬೆಟ್ಟದಡಿಯ ಪಂಪು, ಮೂರು ಬೀಗದ ಪೆಟ್ಟಿಗೆ

ಆಫ್ರಿಕಾದ ಮಲಾವಿ ದೇಶದಲ್ಲಿ ಅಕ್ಟೋಬರ್ ಅಂದರೆ ನೆತ್ತಿ ಸುಡುವ ಬಿಸಿಲಿನ ತಿಂಗಳು. ಮಳೆ ಹಿಡಿಯುವುದು ನವೆಂಬರ್ ಕೊನೆಗೋ ಡಿಸೆಂಬರಿಗೋ. ಅಷ್ಟರಲ್ಲಿ ಹಳ್ಳ ಬತ್ತಿರುತ್ತದೆ, ತೋಡಿದ ಬಾವಿಗಳಲ್ಲಿ ಕೆಸರು ಬಿಟ್ಟರೆ ಏನೂ ಇರುವುದಿಲ್ಲ. ಊರಿಗೆ ಊರೇ ಒಂದು ಕೈಪಂಪಿನ ಮುಂದೆ ಸಾಲು ನಿಲ್ಲುತ್ತದೆ. ಬೆಳಗಿನ ಜಾವದಿಂದ ಕತ್ತಲಾಗುವವರೆಗೆ ಹಿಡಿಕೆಗೆ ಪುರುಸೊತ್ತೇ ಇರುವುದಿಲ್ಲ. ಪಂಪು ಕೆಡುವುದೂ ಜಾಸ್ತಿ ಆಗಲೇ.

ನಾನು ಬ್ಲಾಂಟೈರ್‌ನಲ್ಲಿ ಒಂದು ವ್ಯಾಪಾರ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2024ರ ಅಕ್ಟೋಬರಿನಲ್ಲಿ ಒಂದು ಶನಿವಾರ ಸಹೋದ್ಯೋಗಿಯೊಬ್ಬರು ತಮ್ಮ ಊರಿಗೆ ಕರೆದರು. "ನಮ್ಮಮ್ಮ ನೀರಿನ ಕಮಿಟಿಯ ಖಜಾಂಚಿ. ಲೆಕ್ಕದ ಪುಸ್ತಕ ಒಂದ್ಸಲ ನೋಡಿಕೊಡ್ತೀರಾ? ಅವತ್ತೇ ಪಂಪು ಬಿಚ್ತಾರೆ" ಅಂದರು. ಪಂಪು ಬಿಚ್ಚುತ್ತಾರೆ ಅಂದದ್ದಕ್ಕೇ ನಾನು ಒಪ್ಪಿದ್ದು. ನಾನು ಪಾವಗಡದ ಕಡೆಯವಳು. ಬೋರಿನ ಪಂಪು ಕೆಟ್ಟರೆ ಮನೆಯಲ್ಲಿ ಏನೇನಾಗುತ್ತದೆ ಅನ್ನುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲಿಂಬೆ ದಾಟಿ, ತ್ಯೋಲೊದ ಚಹಾ ತೋಟಗಳ ನಡುವೆ ಹಾದು, ಚಿತಕಾಲೆಯಲ್ಲಿ ಎಡಕ್ಕೆ ತಿರುಗಿದೆವು. ಅಲ್ಲಿಂದ ಫಾಲೊಂಬೆ ಕಡೆ ಹೋಗುವ ದಾರಿಯುದ್ದಕ್ಕೂ ಮುಲಂಜೆ ಬೆಟ್ಟ ಜೊತೆಗೇ ಬರುತ್ತದೆ. ಸಪಾಟು ಬಯಲಿನಿಂದ ಒಮ್ಮೆಲೇ ಎದ್ದು ನಿಂತ ಕರಿಕಲ್ಲಿನ ಬೆಟ್ಟ. ಅದರ ತುದಿ ಸಪಿತ್ವ, 3,002 ಮೀಟರ್ ಎತ್ತರ. ಬೆಟ್ಟದಿಂದ ತೊರೆಗಳು ಇಳಿಯುತ್ತವೆ. ಹಾಗಿದ್ದೂ ಬೆಟ್ಟದಿಂದ ಸ್ವಲ್ಪ ದೂರದ ಬಯಲಿನಲ್ಲಿ ಬೇಸಿಗೆಗೆ ಕುಡಿಯಲು ನೀರಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಈ ತೊರೆಗಳ ನೀರನ್ನು ಊರುಗಳಿಗೆ ತರುವ ಕೆಲಸ ಹಿಂದೆಯೇ ಆಗಿತ್ತು. ಮಲಾವಿಗೆ ಸ್ವಾತಂತ್ರ್ಯ ಬಂದದ್ದು 1964ರಲ್ಲಿ. 1968ರಲ್ಲಿ ಚಿಂಗಾಲೆ ಎಂಬಲ್ಲಿ ಲಿಂಡ್ಸೆ ರಾಬರ್ಟ್‌ಸನ್ ಎನ್ನುವವರ ಮುಂದಾಳ್ತನದಲ್ಲಿ ಮೊದಲ ಪೈಪ್‌ಲೈನ್ ಶುರುವಾಯಿತು. ಮೋಟಾರು ಇಲ್ಲ, ಡೀಸೆಲ್ ಇಲ್ಲ. ಮೇಲೆ ತೊರೆಗೆ ಅಡ್ಡ ಕಟ್ಟೆ, ಕೆಳಕ್ಕೆ ಪೈಪು, ನೀರು ತಾನಾಗಿ ಇಳಿಯುತ್ತದೆ. ಸರ್ಕಾರ ಪೈಪು ಕೊಟ್ಟಿತು, ಕಾಲುವೆ ತೋಡಿದ್ದು ಊರಿನವರು. ಯಾವ ಊರು ಎಷ್ಟು ದೂರ ತೋಡಬೇಕು ಅನ್ನುವುದನ್ನು ಊರಿನ ಕಮಿಟಿಗಳೇ ಹಂಚಿಕೊಂಡವು. ಆಮೇಲೆ ಮುಲಂಜೆ, ಫಾಲೊಂಬೆ ಸುತ್ತ ಇಂಥ ಯೋಜನೆಗಳು ಹಬ್ಬಿದವು. ನಮ್ಮನ್ನು ಕಾಯುತ್ತಾ ರಸ್ತೆ ಬದಿ ನಿಂತಿದ್ದ ಒಬ್ಬ ಅಜ್ಜ ಅಂಥದ್ದೊಂದು ಹಳೆಯ ನಲ್ಲಿ ಕಂಬ ತೋರಿಸಿದರು. ಆ ಕಾಲುವೆಗೆ ಗುದ್ದಲಿ ಹಿಡಿದವರಲ್ಲಿ ಅವರೂ ಒಬ್ಬರು. ಈಗ ಆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಮೇಲೆ ಕಾಡು ಕಡಿದದ್ದು, ಕೆಳಗೆ ಜನ ಹೆಚ್ಚಾದದ್ದು, ಪೈಪು ಹಳತಾದದ್ದು ಎಲ್ಲ ಸೇರಿದೆ. ಕಟ್ಟಿದವರು ಹೋದ ಮೇಲೆ ನೋಡಿಕೊಳ್ಳುವವರಿಗೆ ದುಡ್ಡು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ಇವತ್ತಿಗೂ ಹಾಗೇ ಉಳಿದಿದೆ.

ಹಾಗಾಗಿ ಈ ಊರಿನ ನೀರು ಈಗ ಬೋರಿನದು. ಪಂಪಿನ ಹೆಸರು ಆಫ್ರಿಡೆವ್. 1980ರ ದಶಕದಲ್ಲಿ ಮಲಾವಿ ಮತ್ತು ಕೆನ್ಯಾದಲ್ಲಿ ರೂಪಿಸಿದ್ದು. ಊರಿನವರೇ ಬಿಚ್ಚಿ ರಿಪೇರಿ ಮಾಡುವಂತಿರಬೇಕು ಅನ್ನುವುದೇ ಅದನ್ನು ಮಾಡಿದವರ ಹಟವಾಗಿತ್ತು.

ನಾವು ಹೋಗುವ ಹೊತ್ತಿಗೆ ಕಟ್ಟೆಯ ಸುತ್ತ ಹೆಂಗಸರು ಸೇರಿದ್ದರು. ಸಿಂಬಿ ಮಾಡಿಕೊಳ್ಳುವ ಚಿತೆಂಜೆ ಬಟ್ಟೆ ಹೆಗಲ ಮೇಲೆ, ಬಕೆಟ್‌ಗಳು ಸಾಲಾಗಿ ನೆಲದ ಮೇಲೆ. ಸುತ್ತಲಿನ ಊರುಗಳ ಪಂಪು ನೋಡಿಕೊಳ್ಳುವ ಏರಿಯಾ ಮೆಕ್ಯಾನಿಕ್ ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಬಂದಿದ್ದರು. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ, ರಿಪೇರಿಗೆ ಇಷ್ಟು ಅಂತ ಊರಿನವರೇ ಕೊಡಬೇಕು. ಅವತ್ತು ಅವರು ಕಟ್ಟೆಯ ಅಂಚಿನಲ್ಲಿ ನಿಂತು ನೋಡಿದ್ದೇ ಹೆಚ್ಚು. ಕೈ ಹಾಕಿದ್ದು ಕಮಿಟಿಯ ಇಬ್ಬರು ಹೆಂಗಸರು.

ಮೊದಲು ಒಬ್ಬಾಕೆ ಹಿಡಿಕೆ ಒತ್ತಿ ತೋರಿಸಿದರು. ಒತ್ತುತ್ತಲೇ ಇದ್ದರು, ನೀರು ಬರಲು ಎಷ್ಟೋ ಹೊತ್ತಾಯಿತು. ಬಂದ ಮೇಲೂ ಸಣ್ಣ ಧಾರೆ. ಮೆಕ್ಯಾನಿಕ್ ವಿವರಿಸಿದರು. ತಡವಾಗಿ ಬಂದರೆ ಕೆಳಗಿನ ವಾಲ್ವು ನೀರು ಹಿಡಿದು ನಿಲ್ಲಿಸುತ್ತಿಲ್ಲ ಅಂತ. ಬಂದ ಮೇಲೂ ಧಾರೆ ಸಣ್ಣದಿದ್ದರೆ ರಬ್ಬರ್ ಸೀಲ್ ಸವೆದಿದೆ ಅಂತ. ನಮ್ಮೂರಲ್ಲಾದರೆ 'ವಾಷರ್ ಹೋಗಿದೆ' ಅಂದು ಸುಮ್ನೆ ಕೂರುತ್ತಿದ್ದೆವು, ಯಾಕಂದರೆ ಮುಂದೆ ಮಾಡುವುದಕ್ಕೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ.

ಇಲ್ಲಿ ಹಾಗಲ್ಲ. ಒಂದೇ ಒಂದು ಸ್ಪ್ಯಾನರ್. ಅದರಲ್ಲೇ ಮುಚ್ಚಳ ತೆಗೆದರು, ಅದರಲ್ಲೇ ಹಿಡಿಕೆ ಕಳಚಿದರು. ಆಮೇಲೆ ರಾಡ್ ಎಳೆಯತೊಡಗಿದರು. ಒಂದೊಂದೂ ಸುಮಾರು 3 ಮೀಟರ್ ಉದ್ದ. ತುದಿಗಳಲ್ಲಿ ಕೊಕ್ಕೆ, ಇನ್ನೊಂದರ ಕಣ್ಣಿಗೆ ಸಿಕ್ಕಿಸಿರುತ್ತದೆ. ವಾಲಿಸಿದರೆ ಬಿಚ್ಚಿಕೊಳ್ಳುತ್ತದೆ. ಇಬ್ಬರು ಎಳೆದರು, ಒಬ್ಬಾಕೆ ಬಿಚ್ಚಿದರು, ಹುಡುಗಿಯರು ಹಿಡಿದು ಮಾವಿನ ಮರಕ್ಕೆ ಒರಗಿಸಿಟ್ಟರು. ನೆಲಕ್ಕೆ ತಾಗಿದರೆ ಮಣ್ಣು ಬೋರಿನೊಳಗೆ ಹೋಗುತ್ತದೆ ಅಂತ ಒಬ್ಬ ಅಜ್ಜಿ ಕೂತಲ್ಲಿಂದಲೇ ಗದರುತ್ತಿದ್ದರು. ಕೊನೆಯ ರಾಡಿನ ತುದಿಯಲ್ಲಿ ನೀರು ಮೇಲೆತ್ತುವ ಪ್ಲಂಜರ್ ಬಂತು. ಅದರ ಸುತ್ತಲಿನ ಸೀಲ್ ನನ್ನ ಅಂಗೈಗೆ ಹಾಕಿದರು. ಮುಷ್ಟಿಯೊಳಗೆ ಹಿಡಿಸುವಷ್ಟು ಚಿಕ್ಕ ಕಪ್ಪು ಬಳೆ. ಒಂದು ಕಡೆ ಅಂಚು ಸವೆದು ತೆಳ್ಳಗಾಗಿತ್ತು. ಇಷ್ಟಕ್ಕೇ ಊರಿನ ಹೆಂಗಸರು ದೂರದ ಹಳ್ಳದ ಗುಂಡಿಗೆ ನಡೆಯಬೇಕಾಗಿತ್ತು.

ಪೈಪು ಭೂಮಿಯೊಳಗೇ ಇರುತ್ತದೆ, ಒಳಗಿನದು ಮಾತ್ರ ಹೊರಗೆ ಬರುತ್ತದೆ. ಈ ಪಂಪಿನ ಜಾಣತನ ಇರುವುದೇ ಇಲ್ಲಿ. ನಮ್ಮ ಕಡೆಯ ಹಳೆಯ ಇಂಡಿಯಾ ಮಾರ್ಕ್ 2 ಗಟ್ಟಿ ಪಂಪು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಒಳಗಿನ ಸಿಲಿಂಡರ್ ನೋಡಬೇಕಾದರೆ ಕಬ್ಬಿಣದ ಪೈಪನ್ನೆಲ್ಲ ಮೇಲಕ್ಕೆ ಎತ್ತಬೇಕು. ಅದಕ್ಕೆ ಮುಕ್ಕಾಲಿ, ಸರಪಳಿ, ಗಾಡಿ, ಜನ ಎಲ್ಲ ಬೇಕು. ಗಾಡಿ ಬರುವ ತನಕ ನಮ್ಮಜ್ಜಿ ತೋಟದ ಬಾವಿಯಿಂದ ಹೊರುತ್ತಿದ್ದರು. ಅದು ನೆನಪಾಗಿ ಗಂಟಲು ಕಟ್ಟಿತು.

ಹೊಸ ಸೀಲ್ ಪೊಟ್ಟಣದ ಮೇಲೆ ಭಾರತದಲ್ಲಿ ತಯಾರಾದದ್ದು ಅಂತ ಅಚ್ಚಾಗಿತ್ತು. ಅದನ್ನು ಓದಿ ಹೇಳಿದಾಗ ಎಲ್ಲರೂ ನನ್ನನ್ನು ನೋಡಿ ನಕ್ಕರು. ಸೀಲ್, ವಾಲ್ವಿನ ರಬ್ಬರ್ ಬಾಬಿನ್, ಹಿಡಿಕೆಯ ಬುಷ್ ಎಲ್ಲ ಬದಲಾಯಿತು. ಊಟದ ಹೊತ್ತಿಗೆ ಪಂಪು ಮತ್ತೆ ಜೋಡಿಸಿಯಾಯಿತು. ಹತ್ತಿಪ್ಪತ್ತು ಬಾರಿ ಒತ್ತಿದ್ದೇ ತಡ, ದಪ್ಪ ಧಾರೆ.

ಊಟಕ್ಕೆ ನ್ಸೀಮಾ, ಸೊಪ್ಪಿನ ಪಲ್ಯ. ಮೆಕ್ಕೆಜೋಳದ ಹಿಟ್ಟಿನ ನ್ಸೀಮಾ ಮುರಿದು ಅದ್ದಿ ತಿನ್ನುವಾಗ ಮುದ್ದೆ ಉಣ್ಣುವವರಿಗೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ.

ಆಮೇಲೆ ಖಜಾಂಚಿ ಅಮಾಯಿ ಪೆಟ್ಟಿಗೆ ತಂದರು. ಅಲ್ಲಿ ಹಿರಿಯ ಹೆಂಗಸರನ್ನು ಅಮಾಯಿ ಅಂತಲೇ ಕರೆಯುವುದು, ನನ್ನನ್ನೂ ಹಾಗೇ ಕರೆದರು. ತಗಡಿನ ಪೆಟ್ಟಿಗೆ, ಮೂರು ಬೀಗ, ಮೂರು ಮನೆಗಳಲ್ಲಿ ಮೂರು ಕೀಲಿ. ಮೂವರೂ ಬಂದು ಕೂತ ಮೇಲೆಯೇ ಬಾಯಿ ತೆರೆಯಿತು. ಒಳಗೆ ನೋಟಿಗಿಂತ ಪೊಟ್ಟಣಗಳೇ ಜಾಸ್ತಿ: ಸೀಲ್, ಬಾಬಿನ್, ಬುಷ್, ಒಂದೊಂದರ ಮೇಲೂ ಕೊಂಡ ದಿನಾಂಕ.

ಅದಕ್ಕೆ ಕಾರಣವಿದೆ. 2023ರ ನವೆಂಬರಿನಲ್ಲಿ ಮಲಾವಿಯ ನಾಣ್ಯವಾದ ಕ್ವಾಚಾದ ಬೆಲೆ ಇಳಿಸಿದರು. ಒಂದು ಡಾಲರ್‌ಗೆ ಸುಮಾರು 1,180 ಇದ್ದದ್ದು ರಾತ್ರಿ ಬೆಳಗಾಗುವುದರಲ್ಲಿ 1,700 ಆಯಿತು. ಹೊರಗಿನಿಂದ ಬರುವ ಸಾಮಾನಿನ ಬೆಲೆಯೆಲ್ಲ ಜಿಗಿಯಿತು. ಕಮಿಟಿಯವರು ಕೊಯ್ಲಿನ ಸಮಯದಲ್ಲಿ ಮನೆಮನೆಯಿಂದ ಸೇರಿಸಿದ್ದು ಹೊಸ ರಾಡಿಗೆ. ಅಂಗಡಿಗೆ ಹೋಗುವ ಹೊತ್ತಿಗೆ ಅದು ಸಾಲಲಿಲ್ಲ. "ದುಡ್ಡು ಪೆಟ್ಟಿಗೆಯಲ್ಲೇ ಇತ್ತು ಅಮಾಯಿ. ಯಾರೂ ಮುಟ್ಟಲಿಲ್ಲ. ಆದರೂ ಕಡಿಮೆಯಾಯ್ತು" ಅಂದರು ಅವರು. ಹಣದ ಮೌಲ್ಯ ಕುಸಿಯುವುದನ್ನು ಇಷ್ಟು ನೇರವಾಗಿ ಹೇಳಿದ್ದು ನಾನು ಯಾವ ಲೆಕ್ಕಿಗರ ಬಾಯಲ್ಲೂ ಕೇಳಿಲ್ಲ.

ಆಮೇಲೆ ಅವರು ದಾರಿ ಬದಲಿಸಿದರು. ಕೊಯ್ಲಾದ ತಕ್ಷಣ ವರ್ಷಕ್ಕೆ ಬೇಕಾಗುವ ಬಿಡಿಭಾಗ ಕೊಂಡಿಡುವುದು. ಉಳಿದದ್ದನ್ನು ಪೆಟ್ಟಿಗೆಯಲ್ಲಿ ಕೊಳೆಯಲು ಬಿಡದೆ ಊರಿನ ಹೆಂಗಸರಿಗೇ ಬಡ್ಡಿಗೆ ಕೊಡುವುದು. ನಮ್ಮ ಸ್ತ್ರೀಶಕ್ತಿ ಸಂಘಗಳು ಮಾಡುವ ಕೆಲಸವೇ. ಅಲ್ಲಿ ಇದಕ್ಕೆ ಜಗಲಿ ಬ್ಯಾಂಕು ಅನ್ನುತ್ತಾರೆ, ಮಲಾವಿಯ ಊರೂರಲ್ಲೂ ಉಂಟು. ಟೊಮ್ಯಾಟೊ ಮಾರುವವರು, ಒಣಮೀನು ತಂದು ಮಾರುವವರು ಸಾಲ ತೆಗೆದುಕೊಂಡಿದ್ದರು. ಪುಸ್ತಕದಲ್ಲಿ ಎಲ್ಲ ಇತ್ತು. ಶಾಲೆಯ ನೋಟ್‌ಬುಕ್, ಸ್ಕೇಲಿನಲ್ಲಿ ಎಳೆದ ಗೆರೆ, ಹೆಬ್ಬೆಟ್ಟಿನ ಗುರುತುಗಳು. ನಾನು ಒಂದೊಂದು ಪುಟ ಕೂಡಿಸಿ ನೋಡಿದೆ. ಲೆಕ್ಕ ಪಕ್ಕಾ ಇತ್ತು.

ಆದರೆ 2024ರ ಮೇ, ಜೂನ್ ಪುಟಗಳಲ್ಲಿ ವಂತಿಗೆ ಬರೆಯದೆ ಖಾಲಿ ಬಿಟ್ಟ ಜಾಗಗಳು ತುಂಬಾ. ಆ ವರ್ಷ ಎಲ್ ನಿನೋ ಬರ. ಮಾರ್ಚ್‌ನಲ್ಲೇ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಘೋಷಣೆಯಾಗಿತ್ತು. ಮೆಕ್ಕೆಜೋಳವೇ ಕೈಗೆ ಬರದಿದ್ದ ಮೇಲೆ ನೀರಿನ ವಂತಿಗೆ ಎಲ್ಲಿಂದ ಕೊಡುತ್ತಾರೆ? ಜೊತೆಗೆ ಹಳ್ಳದಾಚೆಯ ಕೇರಿಯವರ ವಿಷಯ. 2023ರ ಮಾರ್ಚ್‌ನಲ್ಲಿ ಬಂದ ಫ್ರೆಡ್ಡಿ ಚಂಡಮಾರುತ ಈ ಬೆಟ್ಟದ ಬದಿಗಳನ್ನೇ ಕಿತ್ತು ತಂದಿತ್ತು. ಅವರ ಬೋರು ಮಣ್ಣು ಕಲ್ಲಿನಡಿ ಹೂತುಹೋಯಿತು. ಅಂದಿನಿಂದ ಅವರೂ ಇಲ್ಲಿಗೇ ಬರುತ್ತಾರೆ. ಒಂದು ಬೋರಿಗೆ 250 ಜನ ಅನ್ನುವುದು ಮಲಾವಿ ಸರ್ಕಾರದ ಲೆಕ್ಕ. ಇಲ್ಲಿ ಅದು ಎಂದೋ ದಾಟಿದೆ.

ಮಾವಿನ ಮರದಡಿ ಜಗಳ ಶುರುವಾಯಿತು. ಒಬ್ಬರು ಎದ್ದು ನಿಂತು, ಕೊಡದವರಿಗೆ ನೀರು ನಿಲ್ಲಿಸಬೇಕು, ಇಲ್ಲದಿದ್ದರೆ ಕೊಡುವವರೂ ಕೊಡುವುದಿಲ್ಲ ಅಂದರು. ಅವರ ಮಾತಲ್ಲೂ ನ್ಯಾಯವಿತ್ತು. ಆಗ ಬೆಳಗ್ಗೆ ಗದರುತ್ತಿದ್ದ ಅಜ್ಜಿ ಮಾತಾಡಿದರು. ತಂದೆತಾಯಿ ಇಲ್ಲದ ಮೊಮ್ಮಕ್ಕಳನ್ನು ಸಾಕುತ್ತಿರುವವರು. ದೊಡ್ಡದಾಗೇನೂ ಹೇಳಲಿಲ್ಲ. ಕಾಲರಾ ವರ್ಷ ಮರೆತಿರಾ ಅಂತ ಕೇಳಿದರು, ಅಷ್ಟೇ. 2022ರಲ್ಲಿ ಶುರುವಾಗಿ 2023ರವರೆಗೆ ಹಬ್ಬಿದ ಆ ಕಾಲರಾ ಮಲಾವಿ ಕಂಡ ಅತಿ ದೊಡ್ಡದು, 1,700ಕ್ಕೂ ಹೆಚ್ಚು ಜನ ಸತ್ತರು. ಒಂದು ಮನೆಯವರು ಹಳ್ಳದ ನೀರು ಕುಡಿದರೆ ರೋಗ ಆ ಮನೆಯಲ್ಲೇ ನಿಲ್ಲುತ್ತದೆಯೇ?

ಕೊನೆಗೆ ತೀರ್ಮಾನವಾಯಿತು. ಯಾರಿಗೂ ನೀರು ನಿಲ್ಲಿಸುವುದಿಲ್ಲ. ದುಡ್ಡು ಕೊಡಲಾಗದ ಮನೆಯವರು ಕಟ್ಟೆ ಗುಡಿಸಿ ನೀರು ಹರಿಯುವ ಕಾಲುವೆ ಬಿಡಿಸಬೇಕು, ಬೇಲಿ ಕಟ್ಟಬೇಕು. ಆಚೆ ಕೇರಿಯವರು ಕೊಯ್ಲಿನಲ್ಲಿ ಮೆಕ್ಕೆಜೋಳ ಕೊಡಬೇಕು, ಅವರ ಕಡೆಯ ಇಬ್ಬರು ಕಮಿಟಿಯಲ್ಲಿ ಕೂರಬೇಕು. ಎದ್ದು ನಿಂತವರು ಪೂರ್ತಿ ಒಪ್ಪಲಿಲ್ಲ. ಆದರೂ ಕೂತರು.

ಒಂದು ಮಾತು ಹೇಳಲೇಬೇಕು. ಊರಿನವರೇ ನೋಡಿಕೊಳ್ಳುತ್ತಾರೆ ಅಂತ ಹೊಗಳಿ ಉಳಿದವರು ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ರೂರಲ್ ವಾಟರ್ ಸಪ್ಲೈ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಜಾಲ 2009ರಲ್ಲಿ ಕೊಟ್ಟ ಅಂದಾಜಿನಂತೆ ಸಹಾರಾದ ದಕ್ಷಿಣದ ಆಫ್ರಿಕಾದ ಕೈಪಂಪುಗಳಲ್ಲಿ ಮೂರರಲ್ಲಿ ಒಂದು ಕೆಟ್ಟು ನಿಂತಿತ್ತು. ಆ ಊರುಗಳಲ್ಲಿ ಕಮಿಟಿ ಇರಲಿಲ್ಲವೇ? ಬಹುತೇಕ ಕಡೆ ಇತ್ತು. ಸೀಲ್ ಬದಲಿಸುವುದು ಈ ಹೆಂಗಸರ ಕೈಯಲ್ಲಿದೆ. ಹೂತುಹೋದ ಬೋರಿಗೆ ಬದಲು ಹೊಸದು ಕೊರೆಸುವುದು ಅವರ ಕೈಯಲ್ಲಿಲ್ಲ. ಅದಕ್ಕೆ ಸಾವಿರಾರು ಡಾಲರ್ ಬೇಕು. ಅದು ಸರ್ಕಾರದ, ನೆರವು ಕೊಡುವವರ ಪಾಲು. ಬಿಡಿಭಾಗದ ಅಂಗಡಿ ಸೈಕಲ್ ದೂರದಲ್ಲಿರುವಂತೆ ನೋಡಿಕೊಳ್ಳುವುದೂ ಅವರದೇ. ಬರದ ವರ್ಷದಲ್ಲಿ ಬಡವರ ವಂತಿಗೆಯೊಂದನ್ನೇ ನಂಬಿ ನೀರಿನ ವ್ಯವಸ್ಥೆ ನಡೆಯಬೇಕು ಅನ್ನುವುದು ಅನ್ಯಾಯ.

ಅವತ್ತು ಸಂಜೆ ಹೊರಡುವಾಗ ಖಜಾಂಚಿ ಅಮಾಯಿ ನನಗೊಂದು ಕೆಲಸ ಹಚ್ಚಿದರು. ಬ್ಲಾಂಟೈರ್‌ನಲ್ಲಿ ರಾಡಿನ ಬೆಲೆ ತಿಂಗಳಿಗೊಮ್ಮೆ ವಿಚಾರಿಸಿ ತಿಳಿಸುವುದು. ತಿಳಿಸುತ್ತಾ ಬಂದೆ. ಮುಂದಿನ ಜೂನ್‌ನಲ್ಲಿ ಕೊಯ್ಲು ಮುಗಿದ ಮೇಲೆ ಸಹೋದ್ಯೋಗಿಯ ಕೈಯಲ್ಲಿ ದುಡ್ಡು ಕಳಿಸಿದರು. ಇಬ್ಬರೂ ಹೋಗಿ ರಾಡ್ ಕೊಂಡು ಚಿತಕಾಲೆಗೆ ಹೋಗುವ ಲಾರಿಯೊಂದಕ್ಕೆ ಕಟ್ಟಿ ಕಳಿಸಿದೆವು. ಮರುದಿನ ಬೆಳಗ್ಗೆಯೇ ಅಮಾಯಿಯ ಫೋನ್ ಬಂತು. ರಾಡ್ ಬಂದು ಸೇರಿವೆ, ರಸೀದಿ ಎಲ್ಲಿ, ಪುಸ್ತಕಕ್ಕೆ ಅಂಟಿಸಬೇಕು ಅಂತ.