ಏನೂ ಮಾಡಬೇಡಿ ಎಂದರು, ನಾನು ಕ್ಯಾಪ್ಸೂಲ್ ನುಂಗಿದೆ

ಒಂಬತ್ತು ವರ್ಷದ ಹಿಂದೆ ಸುಮ್ನೆ ಒಂದು ರಕ್ತಪರೀಕ್ಷೆ ಮಾಡಿಸಿದ್ದೆ. ಮೈಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ರಿಪೋರ್ಟ್‌ನಲ್ಲಿ ಬಿಳಿ ರಕ್ತಕಣ 38,000 ಅಂತ ಬಂತು, ಇರಬೇಕಾದದ್ದು ಹೆಚ್ಚೆಂದರೆ 11,000. ಇನ್ನೆರಡು ಪರೀಕ್ಷೆ ಆದ ಮೇಲೆ ಡಾಕ್ಟರ್ ಹೇಳಿದರು, ಇದು ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೀಮಿಯಾ, ರಕ್ತದ ಕ್ಯಾನ್ಸರ್‌ಗಳಲ್ಲಿ ನಿಧಾನವಾಗಿ ಹೋಗುವಂಥದ್ದು, ಈಗ ಏನೂ ಮಾಡುವುದು ಬೇಡ, ಮೂರು ತಿಂಗಳು ಬಿಟ್ಟು ಬನ್ನಿ.

ಕ್ಯಾನ್ಸರ್ ಇದೆ, ಏನೂ ಮಾಡಬೇಡಿ. ಈ ಎರಡು ಮಾತು ಒಟ್ಟಿಗೆ ಕೇಳಿದವರಿಗೇ ಗೊತ್ತು ಅದು ಹೇಗಿರುತ್ತದೆ ಅಂತ.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಲಕ್ಷಣ ಇಲ್ಲದವರಿಗೆ ಬೇಗನೆ ಕೀಮೋ ಕೊಟ್ಟು ನೋಡಿದ ಹಳೆಯ ಅಧ್ಯಯನಗಳಿವೆ, ಅದರಿಂದ ಅವರ ಆಯುಷ್ಯ ಹೆಚ್ಚಲಿಲ್ಲ. ಈ ಕಾಯಿಲೆ ಬಂದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಜೀವಮಾನವಿಡೀ ಔಷಧಿಯೇ ಬೇಕಾಗುವುದಿಲ್ಲ. ಇದನ್ನೆಲ್ಲ ಆಮೇಲೆ ತಿಳಿದುಕೊಂಡೆ. ಆವತ್ತು ನನಗೆ ಬೇಕಾಗಿದ್ದದ್ದು ಕೈಗೆ ಒಂದು ಕೆಲಸ. ಡಾಕ್ಟರ್ ಕೊಡಲಿಲ್ಲ, ನಾನೇ ಹುಡುಕಿಕೊಂಡೆ.

ಮೊದಲು ಸಕ್ಕರೆ ಬಿಟ್ಟೆ. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಒಂದು ತಿಂಗಳಾದ ಮೇಲೆ ಕೌಂಟ್ ನೋಡಿದರೆ 46,000 ಇದ್ದದ್ದು 41,000ಕ್ಕೆ ಇಳಿದಿತ್ತು. ನಾನು ಎಷ್ಟು ಜನಕ್ಕೆ ಫೋನ್ ಮಾಡಿ ಹೇಳಿದೆನೋ ಲೆಕ್ಕವಿಲ್ಲ. ಮುಂದಿನ ಸಲ 52,000. ಊಟ ಅದೇ, ಶಿಸ್ತು ಅದೇ, ಸಂಖ್ಯೆ ಮಾತ್ರ ಬೇರೆ. ಈ ಕಾಯಿಲೆಯಲ್ಲಿ ಕೌಂಟ್ ತಾನಾಗಿಯೇ ಏರುತ್ತದೆ, ಇಳಿಯುತ್ತದೆ, ಒಂದು ನೆಗಡಿ ಬಂದರೂ ಸಾಕು ಬದಲಾಗುತ್ತದೆ. ಕೆಲವರಿಗೆ ಹತ್ತು ವರ್ಷ ಅಲ್ಲಾಡದೆ ನಿಲ್ಲುತ್ತದೆ. ಹಾಗೆ ನಿಂತವರು ಆ ಹತ್ತು ವರ್ಷ ದಿನಾ ಬೆಳಿಗ್ಗೆ ಯಾವುದೋ ಜ್ಯೂಸ್ ಕುಡಿದಿದ್ದರೆ, ಅದರಿಂದಲೇ ನಿಂತಿತು ಅಂತ ನಂಬುತ್ತಾರೆ, ಮನಸಾರೆ ನಂಬುತ್ತಾರೆ, ಬೇರೆಯವರಿಗೆ ಒಳ್ಳೆಯದಾಗಲಿ ಅಂತಲೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದೇ ಜ್ಯೂಸ್ ಕುಡಿದೂ ಎರಡನೇ ವರ್ಷಕ್ಕೆ ಔಷಧಿ ಬೇಕಾದವರು ಬಂದು ಯಾರಿಗೂ ಹೇಳುವುದಿಲ್ಲ, ಅಲ್ವಾ?

ಸಕ್ಕರೆ ಆದ ಮೇಲೆ ಇನ್ನೂ ಕಟ್ಟುನಿಟ್ಟು ಮಾಡಿದೆ. ಹಸಿ ತರಕಾರಿ, ಹಣ್ಣಿನ ರಸ, ಅಷ್ಟೇ. ನಾಲ್ಕು ತಿಂಗಳಲ್ಲಿ 68 ಕಿಲೋ ಇದ್ದವರು 61 ಆದೆ. ನನಗೆ ಹಗುರ ಅನ್ನಿಸುತ್ತಿತ್ತು, ಖುಷಿಯಾಗಿದ್ದೆ. ಡಾಕ್ಟರ್ ಮಾತ್ರ ತೂಕದ ಕಡೆ ನೋಡಿ ಸುಮ್ಮನಾದರು. ಯಾಕೆಂದರೆ ಸಿಎಲ್‌ಎಲ್‌ನಲ್ಲಿ ಔಷಧಿ ಶುರು ಮಾಡಬೇಕು ಅನ್ನುವುದಕ್ಕೆ ಅವರು ನೋಡುವ ಗುರುತುಗಳಲ್ಲಿ ಇದೂ ಒಂದು. ಆರು ತಿಂಗಳಲ್ಲಿ ತಾನಾಗಿ ಮೈತೂಕ 10% ಇಳಿಯುವುದು, ಸೋಂಕಿಲ್ಲದೆ ಬಿಡದ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಇಂಥವು. ನಾನು ಊಟ ಬಿಟ್ಟು ಇಳಿಸಿದ್ದೇನೆ ಅಂತ ಅವರಿಗೆ ಹೇಳಿರಲಿಲ್ಲ. ಸ್ಕ್ಯಾನ್ ಆಯಿತು, ಮತ್ತೆ ರಕ್ತಪರೀಕ್ಷೆ ಆಯಿತು, ಮನೆಯವರೆಲ್ಲ ಎರಡು ವಾರ ನಿದ್ದೆಗೆಟ್ಟರು. ಕಾಯಿಲೆ ಇದ್ದಲ್ಲೇ ಇತ್ತು. ನಾನು ಕಳೆದುಕೊಂಡದ್ದು ಬರೀ ಸ್ನಾಯು, ಮುಂದೆ ನನಗೆ ತುಂಬಾ ಬೇಕಾಗಲಿದ್ದ ಸ್ನಾಯು.

ಇನ್ನು ಕ್ಯಾಪ್ಸೂಲ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಪೂರ್ತಿ ಬುರುಡೆಯೂ ಅಲ್ಲ. ಹಸಿರು ಚಹಾದಲ್ಲಿ ಇಜಿಸಿಜಿ ಅನ್ನುವ ಒಂದು ಅಂಶ ಇದೆ. ಅಮೆರಿಕದ ಮೇಯೊ ಕ್ಲಿನಿಕ್‌ನವರು ಅದರ ಸಾರವನ್ನು ಆರಂಭದ ಹಂತದ ಸಿಎಲ್‌ಎಲ್ ಇದ್ದವರಿಗೆ ಕೊಟ್ಟು ನೋಡಿದ್ದಾರೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 42 ಜನ ಇದ್ದರು. ಸುಮಾರು ಮೂರರಲ್ಲಿ ಒಬ್ಬರಿಗೆ ಲಿಂಫೋಸೈಟ್ ಕೌಂಟ್, ಅಂದರೆ ಈ ಕಾಯಿಲೆಯಲ್ಲಿ ಹೆಚ್ಚಾಗುವ ಬಗೆಯ ಬಿಳಿ ರಕ್ತಕಣದ ಸಂಖ್ಯೆ, 20% ಅಥವಾ ಅದಕ್ಕಿಂತ ಜಾಸ್ತಿ ಇಳಿಯಿತು. ಇದನ್ನು ಓದಿದ ರಾತ್ರಿ ನಾನು ಕುಣಿದಾಡಿದ್ದೆ. ಆದರೆ ಅವರು ಕೊಟ್ಟ ಪ್ರಮಾಣ ದಿನಕ್ಕೆರಡು ಸಲ 2,000 ಮಿಲಿಗ್ರಾಂ, ಅದೂ ಪದೇ ಪದೇ ಲಿವರ್ ಪರೀಕ್ಷೆ ಮಾಡುತ್ತಾ. ಅದಕ್ಕೆ ಹೋಲಿಸಲು ಔಷಧಿ ತೆಗೆದುಕೊಳ್ಳದ ಇನ್ನೊಂದು ಗುಂಪು ಇರಲಿಲ್ಲ. ಕೌಂಟ್ ಇಳಿಯುವುದು ಬೇರೆ, ಬದುಕು ಉದ್ದವಾಗುವುದು ಬೇರೆ. ಆ ಎರಡನೆಯದನ್ನು ಅದು ತೋರಿಸಲಿಲ್ಲ.

ನಾನು ಆ ಪ್ಯಾರಾಗಳನ್ನೆಲ್ಲ ಹಾರಿಸಿ ಓದಿದ್ದೆ. ಒಂದು ಡಬ್ಬಿ ತರಿಸಿ ಶುರು ಮಾಡಿದೆ, ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಎರಡು ಪಟ್ಟು. ಡಾಕ್ಟರ್‌ಗೆ ಹೇಳಲಿಲ್ಲ. ಎರಡು ತಿಂಗಳಿಗೆ ಹೊಟ್ಟೆ ತೊಳಸುವುದು, ಸುಸ್ತು. ಪರೀಕ್ಷೆಯಲ್ಲಿ ಲಿವರ್‌ನ ಕಿಣ್ವಗಳು ಮೂರು ಪಟ್ಟು ಏರಿದ್ದವು. ಆಗ ಬಾಯಿ ಬಿಟ್ಟೆ. ಅವರು ಬಯ್ಯಲಿಲ್ಲ, ನಾಳೆಯಿಂದ ನಿಲ್ಲಿಸಿ, ಆರು ವಾರ ಬಿಟ್ಟು ನೋಡೋಣ ಅಂದರು. ನಿಲ್ಲಿಸಿದೆ, ಇಳಿಯಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಇದೇ ಎಚ್ಚರಿಕೆ ಕೊಟ್ಟಿದೆ, ಕ್ಯಾಪ್ಸೂಲ್ ರೂಪದಲ್ಲಿ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ತೊಂದರೆ ಆಗಬಹುದು ಅಂತ. ಲೋಟದಲ್ಲಿ ಕುಡಿಯುವ ಚಹಾದ ಮಾತು ಬೇರೆ, ಅದನ್ನು ಈಗಲೂ ಕುಡಿಯುತ್ತೇನೆ, ರುಚಿಗೆ.

ಇಮ್ಯುನಿಟಿ ಹೆಚ್ಚಿಸುವ ಪುಡಿಗಳನ್ನೂ ಜನ ಪ್ರೀತಿಯಿಂದ ತಂದುಕೊಡುತ್ತಾರೆ. ನಮ್ಮ ಕಾಯಿಲೆಯಲ್ಲಿ ಕೆಟ್ಟು ಕೂತಿರುವುದೇ ರೋಗ ತಡೆಯಬೇಕಾದ ಕಣಗಳು. ಅವೇ ಬೇಡದಷ್ಟು ಹೆಚ್ಚಾಗಿವೆ, ಕೆಲಸ ಮಾತ್ರ ಮಾಡುವುದಿಲ್ಲ. ಅವನ್ನು ಇನ್ನಷ್ಟು ಹುರಿದುಂಬಿಸಬೇಕು ಅನ್ನುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ನಮಗೆ ಸೋಂಕಿನದೇ ದೊಡ್ಡ ಭಯ, ಅದಕ್ಕೆ ಲಸಿಕೆ ಇದೆ. ಫ್ಲೂ ಲಸಿಕೆ ವರ್ಷಕ್ಕೊಂದು, ನ್ಯುಮೋನಿಯಾದ್ದು, ಸರ್ಪಸುತ್ತಿನ ಜೀವಂತವಲ್ಲದ ಲಸಿಕೆ. ಜೀವಂತ ವೈರಸ್ ಇರುವ ಲಸಿಕೆ ಮಾತ್ರ ನಮಗೆ ಬೇಡ. ಮನೆಯವರೂ ಫ್ಲೂ ಲಸಿಕೆ ಹಾಕಿಸಿಕೊಂಡರು, ನನಗೋಸ್ಕರ.

ಐದನೇ ವರ್ಷಕ್ಕೆ ಹಿಮೋಗ್ಲೋಬಿನ್ 9.6ಕ್ಕೆ ಇಳಿಯಿತು, ಕತ್ತಿನ ಗಂಟುಗಳು, ಅಂದರೆ ಲಿಂಫ್ ಗ್ರಂಥಿಗಳು, ಹೊರಗೆ ಕಾಣುವಷ್ಟು ದಪ್ಪವಾದವು. ಕೌಂಟ್ ಒಂದು ಲಕ್ಷ ದಾಟಿತ್ತು, ಆದರೆ ಔಷಧಿ ಶುರು ಮಾಡಿದ್ದು ಕೌಂಟ್ ನೋಡಿ ಅಲ್ಲ, ಹಿಮೋಗ್ಲೋಬಿನ್ ಮತ್ತು ಗಂಟು ನೋಡಿ. ಇಬ್ರುಟಿನಿಬ್ ಮಾತ್ರೆ. ಸಿಎಲ್‌ಎಲ್‌ಗೆ ಇದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2014ರಲ್ಲಿ. ಅದಕ್ಕೂ ಮೊದಲು ಈ ಕಾಯಿಲೆ ಬಂದವರನ್ನು ನೆನೆದರೆ ಸಂಕಟವಾಗುತ್ತದೆ.

ಮಾತ್ರೆ ಶುರುವಾಗಿ ಎರಡು ವಾರಕ್ಕೆ ಕತ್ತಿನ ಗಂಟು ಕರಗಿತ್ತು. ಅದೇ ದಿನದ ರಿಪೋರ್ಟ್‌ನಲ್ಲಿ ಕೌಂಟ್ ಮೊದಲಿಗಿಂತ ಜಾಸ್ತಿ. ನನ್ನ ಕೈಕಾಲು ತಣ್ಣಗಾಯಿತು. ಆಮೇಲೆ ಗೊತ್ತಾಯಿತು, ಈ ಮಾತ್ರೆಗೆ ಹಾಗೆಯೇ ಆಗುವುದು. ಗಂಟಿನೊಳಗೆ ಅಂಟಿಕೊಂಡು ಕೂತಿದ್ದ ಕಣಗಳು ಹಿಡಿತ ತಪ್ಪಿ ರಕ್ತಕ್ಕೆ ಬರುತ್ತವೆ, ಹಾಗಾಗಿ ಕೆಲವು ವಾರ, ಕೆಲವರಿಗೆ ತಿಂಗಳುಗಟ್ಟಲೆ, ಸಂಖ್ಯೆ ಮೇಲೆ ಹೋಗಿ ಆಮೇಲೆ ಇಳಿಯುತ್ತದೆ. ಐದು ವರ್ಷ ನಾನು ಯಾವ ಸಂಖ್ಯೆಯನ್ನು ದೇವರ ಹಾಗೆ ನೋಡಿದ್ದೆನೋ ಅದು ಒಳ್ಳೆಯದಾಗುತ್ತಿರುವಾಗ ಏರಿತ್ತು.

ಆ ಹೊತ್ತಿಗೆ ನಾನು ಮೀನೆಣ್ಣೆ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೆ, ಹೃದಯಕ್ಕೆ ಒಳ್ಳೆಯದು ಅಂತ. ತೋಳಿನ ಮೇಲೆಲ್ಲ ನೀಲಿ ಕಲೆ. ಇಬ್ರುಟಿನಿಬ್ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳ ಕೆಲಸವನ್ನು ಮಂದ ಮಾಡುತ್ತದೆ, ಮೀನೆಣ್ಣೆ, ವಿಟಮಿನ್ ಇ ಕೂಡ ಅದೇ ದಿಕ್ಕಿಗೆ ಎಳೆಯಬಹುದು. ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಚಕ್ಕೋತದ ಜಾತಿಯ ಹಣ್ಣು) ಕಥೆ ಇನ್ನೂ ವಿಚಿತ್ರ. ಮಾತ್ರೆಯನ್ನು ಒಡೆಯುವ ಒಂದು ಕಿಣ್ವ ನಮ್ಮ ಕರುಳಿನಲ್ಲಿದೆ, ಈ ಹಣ್ಣು ಅದನ್ನು ಕಟ್ಟಿಹಾಕುತ್ತದೆ. ಆಗ ನುಂಗಿದ್ದು ಒಂದು ಮಾತ್ರೆಯಾದರೂ ರಕ್ತದಲ್ಲಿ ಅದಕ್ಕಿಂತ ಹೆಚ್ಚು ನುಂಗಿದ ಹಾಗೆ ಆಗುತ್ತದೆ. ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ ಇದಕ್ಕೆ ಪೂರ್ತಿ ಉಲ್ಟಾ, ಅದು ಆ ಕಿಣ್ವವನ್ನು ಹೆಚ್ಚಿಸಿ ಔಷಧಿ ಕೆಲಸ ಮಾಡುವ ಮೊದಲೇ ಕರಗಿಸಿಬಿಡುತ್ತದೆ. ಅದನ್ನು ಮಾರುವುದು ಮನಸ್ಸು ಉಲ್ಲಾಸವಾಗಿರಲಿ ಅಂತ. ಬೇಜಾರು ಕಳೆಯಲು ತೆಗೆದುಕೊಂಡ ಮೂಲಿಕೆ ಕ್ಯಾನ್ಸರ್ ಮಾತ್ರೆಯನ್ನೇ ನಿಷ್ಫಲ ಮಾಡಬಹುದು ಅಂದರೆ, ಡಾಕ್ಟರ್‌ಗೆ ಹೇಳದೆ ಏನನ್ನೂ ನುಂಗಬೇಡಿ ಅಂತ ನಾನು ಕೈಮುಗಿದು ಹೇಳುವುದು ಯಾಕೆ ಅಂತ ನಿಮಗೆ ಅರ್ಥವಾಗುತ್ತದೆ.

ಹಾಗಾದರೆ ಊಟಕ್ಕೆ ಬೆಲೆಯೇ ಇಲ್ಲವಾ? ಇದೆ, ಬೇರೆ ಕೆಲಸಕ್ಕೆ. ಈ ಮಾತ್ರೆ ಬಿಪಿ ಏರಿಸಬಹುದು, ಹೃದಯದ ಬಡಿತ ತಪ್ಪಿಸಬಹುದು, ಅದಕ್ಕೆ ಉಪ್ಪು ಕಡಿಮೆ ಮಾಡಿದ್ದೇನೆ, ಬಿಪಿ ಹತೋಟಿಯಲ್ಲಿದೆ. ಹಸಿ ಮೊಟ್ಟೆ, ಸರಿಯಾಗಿ ಬೇಯದ ಮಾಂಸ, ಕಾಯಿಸದ ಹಾಲು ಇಲ್ಲ, ಸೋಂಕಿನ ಭಯಕ್ಕೆ. ಕಳೆದುಕೊಂಡ ಸ್ನಾಯು ಮರಳಲಿ ಅಂತ ಹೊಟ್ಟೆತುಂಬ, ಪ್ರೋಟೀನ್ ಇರುವ ಊಟ. ವಿಟಮಿನ್ ಡಿ ಪರೀಕ್ಷೆಯಲ್ಲಿ ಕಡಿಮೆ ಬಂದಿತ್ತು, ಅದನ್ನು ತೆಗೆದುಕೊಳ್ಳುತ್ತೇನೆ, ಮೂಳೆಗಾಗಿ. ವಿಟಮಿನ್ ಡಿ ಕಡಿಮೆ ಇರುವ ಸಿಎಲ್‌ಎಲ್ ರೋಗಿಗಳಿಗೆ ಬೇಗ ಔಷಧಿ ಬೇಕಾಯಿತು ಅಂತ 2011ರ ಒಂದು ಅಧ್ಯಯನ ಹೇಳಿತ್ತು, ಆದರೆ ಅವೆರಡೂ ಜೊತೆಯಲ್ಲಿ ಕಂಡದ್ದು ಅಷ್ಟೇ, ಒಂದರಿಂದ ಇನ್ನೊಂದು ಆಯಿತು ಅನ್ನುವಂತಿಲ್ಲ.

ಆಸ್ಪತ್ರೆಯಲ್ಲಿ ಕಾಯುವಾಗ ಪರಿಚಯವಾದ ಒಬ್ಬರಿಗೆ ಇನ್ನೊಂದು ಬಗೆಯ ಕ್ರಾನಿಕ್ ಲ್ಯುಕೀಮಿಯಾ ಇದೆ, ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ. ಇಮಾಟಿನಿಬ್ ಮಾತ್ರೆ ನುಂಗುತ್ತಾರೆ, ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಒಂದು ದಿನವೂ ತಪ್ಪಿಸುವುದಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ 2010ರ ಒಂದು ಅಧ್ಯಯನದ ಬಗ್ಗೆ ಹೇಳಿದರು. ಮಾತ್ರೆ ಡಬ್ಬಿಯ ಮುಚ್ಚಳದಲ್ಲಿ ಚಿಪ್ ಇಟ್ಟು 87 ಜನ ನಿಜವಾಗಿ ಎಷ್ಟು ಮಾತ್ರೆ ತೆಗೆದುಕೊಳ್ಳುತ್ತಾರೆ ಅಂತ ನೋಡಿದ್ದರಂತೆ. ಮನೆಗೆ ಬಂದು ಹುಡುಕಿ ಓದಿದೆ. 90%ಗಿಂತ ಜಾಸ್ತಿ ಮಾತ್ರೆ ತೆಗೆದುಕೊಂಡವರಲ್ಲಿ ಕಾಯಿಲೆಯ ಗುರುತು ಸಾವಿರದಲ್ಲೊಂದು ಪಾಲಿಗೆ ಇಳಿಯುವ ಸಾಧ್ಯತೆ ಆರು ವರ್ಷದಲ್ಲಿ 94%, ಅದಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ 28%. ಯಾವ ಸೊಪ್ಪು, ಯಾವ ಪುಡಿಯೂ ಇಂಥ ವ್ಯತ್ಯಾಸ ಮಾಡಿದ್ದನ್ನು ನಾನು ಎಲ್ಲೂ ಓದಿಲ್ಲ.

ಕೊನೆಗೆ ಪಾಸಿಟಿವ್ ಆಗಿರುವುದು. ನನ್ನ ಅಕ್ಕ ದಿನಾ ಹೇಳುತ್ತಿದ್ದಳು, ನೀನು ಧೈರ್ಯವಾಗಿದ್ದರೆ ಕಾಯಿಲೆ ಓಡಿಹೋಗುತ್ತದೆ ಅಂತ. ಪ್ರೀತಿಯಿಂದಲೇ ಹೇಳುತ್ತಿದ್ದಳು. ಆದರೆ ಗಂಟು ದಪ್ಪವಾದ ದಿನ ನನಗೆ ಮೊದಲು ಅನ್ನಿಸಿದ್ದು, ನಾನು ಜಾಸ್ತಿ ಹೆದರಿದೆ, ಅದಕ್ಕೇ ಹೀಗಾಯಿತು ಅಂತ. ಕಾಯಿಲೆಯ ಜೊತೆ ತಪ್ಪಿತಸ್ಥ ಭಾವವೂ ಸೇರಿಕೊಂಡಿತು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಗ ಕಣ್ಣಿಗೆ ಬಿತ್ತು, ತಲೆ ಮತ್ತು ಕತ್ತಿನ ಕ್ಯಾನ್ಸರ್ ಇದ್ದ 1,093 ಜನರದ್ದು. ಅವರ ಮನಸ್ಸು ಹೇಗಿತ್ತು ಅನ್ನುವುದಕ್ಕೂ ಎಷ್ಟು ದಿನ ಬದುಕಿದರು ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಕಾಯಿಲೆ ಬೇರೆ, ಆದರೂ ಓದಿದಾಗ ಎದೆಯ ಮೇಲಿನ ಕಲ್ಲು ಇಳಿಯಿತು. ಅಕ್ಕನಿಗೂ ತೋರಿಸಿದೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ, ಆಮೇಲೆ, ಹಾಗಾದರೆ ನೀನು ಅಳಬಹುದು ಅಂದಳು. ಇಬ್ಬರೂ ಅತ್ತೆವು.

ಮನಸ್ಸು ಚೆನ್ನಾಗಿದ್ದ ದಿನ ನಾನು ಅರ್ಧ ಗಂಟೆ ನಡೆಯುತ್ತೇನೆ. ಕ್ಯಾನ್ಸರ್‌ನ ಸುಸ್ತಿಗೆ ವಿಶ್ರಾಂತಿಗಿಂತ ನಡಿಗೆಯೇ ಒಳ್ಳೆಯದು, ಇದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ, ನನ್ನ ಕಾಲಿಗೂ ಗೊತ್ತು. ಮನಸ್ಸು ಕೆಟ್ಟ ದಿನ ಹತ್ತು ನಿಮಿಷ ನಡೆಯುತ್ತೇನೆ, ಮಗಳು ಜೊತೆಗೆ ಬರುತ್ತಾಳೆ.

ಮುಂದಿನ ಮಂಗಳವಾರ ಮತ್ತೆ ರಕ್ತಪರೀಕ್ಷೆ. ಹಿಂದಿನ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ. ಎದ್ದು ಕೂತು, ನಾನು ತೆಗೆದುಕೊಳ್ಳುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯುತ್ತೇನೆ. ಮೊದಲು ಆ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು, ಡಾಕ್ಟರ್‌ಗೆ ಒಂದನ್ನೂ ತೋರಿಸಿರಲಿಲ್ಲ. ಈಗ ಮೂರಿವೆ. ಹಾಳೆಯನ್ನು ಮಡಚಿ ಫೈಲಿನ ಮೇಲೆಯೇ ಇಟ್ಟಿರುತ್ತೇನೆ, ಒಳಗೆ ಹೋದ ತಕ್ಷಣ ಕೊಡುವುದಕ್ಕೆ.